ಮೂಲದಲ್ಲಿಲ್ಲದ ನಾಲ್ಕು ಸಾಲು

ಕಂಡದ್ದನ್ನು ಕಂಡಷ್ಟೇ ಬರೆಯಬೇಕೆಂದು ಹದಿನೆಂಟು ವರ್ಷ ಮಕ್ಕಳಿಗೆ ಬೋಧಿಸಿದವಳು ನಾನು. ಶಕುನ, ಸ್ವಪ್ನ, ಮೈಮೇಲೆ ಬರುವುದು ಮುಂತಾದ ಸಂಗತಿಗಳನ್ನು ಶಿಕ್ಷಕರ ಕೊಠಡಿಯಲ್ಲಿ ಯಾರಾದರೂ ಎತ್ತಿದರೆ ನಾನು ಕೇಳುತ್ತಿದ್ದುದು ಒಂದೇ ಪ್ರಶ್ನೆ: ನೀವು ಸ್ವತಃ ಕಂಡಿರೋ, ಅಥವಾ ಕಂಡವರಿಂದ ಕೇಳಿದಿರೋ? ಕೇಳಿದ್ದು ಎಂಬ ಉತ್ತರ ಬಂದೊಡನೆ ಉತ್ತರಪತ್ರಿಕೆಗಳ ಕಟ್ಟಿನತ್ತ ತಿರುಗಿಬಿಡುತ್ತಿದ್ದೆ. ಈಗ ಬರೆಯಹೊರಟಿರುವುದನ್ನು ಬೇರೊಬ್ಬರು ನನಗೆ ಹೇಳಿದ್ದರೆ ಅವರ ಪಾಡೂ ಅದೇ ಆಗುತ್ತಿತ್ತು. ಆದ್ದರಿಂದ ಓದುಗರು ಇದನ್ನು ನಂಬಲೇಬೇಕೆಂದು ಹಟ ಹಿಡಿಯಲಾರೆ. ಆದರೆ ಇದು ಕೇಳಿದ್ದಲ್ಲ. ಇದರಲ್ಲಿ ಎಲ್ಲಿಯಾದರೂ ತಪ್ಪು ನಡೆದಿದ್ದರೆ ಆ ತಪ್ಪು ಮಾಡಿದ ಕೈ ನನ್ನದೇ.

ಇಂಥ ಅನುಭವಗಳು ರಾತ್ರಿಯಲ್ಲಿ ಆಗುತ್ತವೆಂದು ಜನ ಹೇಳುತ್ತಾರೆ. ನನಗಾದದ್ದು ಹಾಡಹಗಲಿನಲ್ಲಿ, ಪುಣೆಯ ಹಳೆಯ ಪೇಠೆಯೊಂದರ ವಾಡೆಯ ಮಾಳಿಗೆಯಲ್ಲಿ, ಟ್ಯೂಬ್‌ಲೈಟಿನ ಕೆಳಗೆ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಪಾಠ ಹೇಳುತ್ತಿದ್ದ ಕನ್ನಡ ಮಾಧ್ಯಮದ ಶಾಲೆಯಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತ ಹೋಗಿ, ಮೇಲಿನ ತರಗತಿಗಳು ಒಂದೊಂದಾಗಿ ಮುಚ್ಚಿ, ಕೊನೆಗೆ ನನ್ನ ಹುದ್ದೆಯೂ ಹೋಗಿ ಆಗಲೇ ನಾಲ್ಕು ವರ್ಷಗಳಾಗಿದ್ದವು. ಹುದ್ದೆ ಹೋದಾಗ ನನಗೆ ನಲವತ್ಮೂರು ವರ್ಷ. ಆ ವಾಡೆಯಲ್ಲಿ ಹಳೆಯ ಕುಟುಂಬಗಳ ಕಾಗದಪತ್ರಗಳನ್ನು ಸಂಗ್ರಹಿಸಿಡುವ ಒಂದು ದಫ್ತರಖಾನೆಯಿತ್ತು. ಅಲ್ಲಿ ಹಳೆಯ ಮರಾಠಿಯ ಮೋಡಿ ಲಿಪಿಯನ್ನು ಓದಬಲ್ಲವರು ಮೂರು ಜನರಿದ್ದರು. ಕನ್ನಡ ಓದಬಲ್ಲವರು ಒಬ್ಬರೂ ಇರಲಿಲ್ಲ. ಇಲ್ಲಿಗೆ ವ್ಯಾಪಾರಕ್ಕೆಂದು, ಕಾರಕೂನಿಕೆಗೆಂದು ವಿಜಾಪುರ, ಬಾಗಲಕೋಟೆಗಳ ಕಡೆಯಿಂದ ಬಂದು ನೆಲೆಸಿದ ಮನೆತನಗಳ ಪತ್ರಗಳು ಬಟ್ಟೆಯ ಗಂಟುಗಳಲ್ಲಿ ಹಾಗೆಯೇ ಉಳಿದಿದ್ದವು. ಅವುಗಳ ಕೆಲಸ ನನ್ನ ಪಾಲಿಗೆ ಬಂತು.

ಕೆಲಸದ ಕ್ರಮವನ್ನು ನಾನೇ ಗೊತ್ತುಮಾಡಿಕೊಂಡಿದ್ದೆ. ಗಂಟು ಬಿಚ್ಚಿ ಹಾಳೆಗಳನ್ನು ಕುಂಚದಿಂದ ಒರೆಸುವುದು. ಪ್ರತಿ ಹಾಳೆಗೂ ಪೆನ್ಸಿಲಿನಲ್ಲಿ ಸಂಖ್ಯೆ ಕೊಡುವುದು. ಯಾರಿಗೆ, ಯಾರಿಂದ, ಏನು ಎಂದು ಚೀಟಿ ಬರೆಯುವುದು. ಮಹತ್ವದ ಪತ್ರವಾದರೆ ದಪ್ಪ ವಹಿಯೊಂದರಲ್ಲಿ ಅಕ್ಷರಶಃ ಪ್ರತಿ ಮಾಡುವುದು. ಮೂಲದಲ್ಲಿ ತಪ್ಪಿದ್ದರೆ ತಪ್ಪನ್ನೂ ಹಾಗೆಯೇ ಇಳಿಸಬೇಕು. ಮಸಕಾದ ಶಬ್ದದ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಬೇಕು. ಮರುದಿನ ಬೆಳಿಗ್ಗೆ ಮೂಲವನ್ನೂ ಪ್ರತಿಯನ್ನೂ ಪಕ್ಕಪಕ್ಕದಲ್ಲಿಟ್ಟು ತಾಳೆ ನೋಡಬೇಕು. ನಾಲ್ಕು ವರ್ಷಗಳಲ್ಲಿ ಆ ತಾಳೆಯಲ್ಲಿ ನಾನು ತಿದ್ದಿಕೊಂಡದ್ದು ಬೆರಳೆಣಿಕೆಯಷ್ಟು. ದಫ್ತರಖಾನೆಯ ಮುಖ್ಯರಾದ ಪಾಟಣಕರರು ಬಂದವರಿಗೆಲ್ಲ ನನ್ನ ವಹಿಗಳನ್ನು ತೋರಿಸಿ, “ಬಾಈಂಚೀ ನಕ್ಕಲ ಮ್ಹಣಜೇ ಅಸ್ಸಲ” ಎನ್ನುತ್ತಿದ್ದರು. ಈ ಅಕ್ಕನವರ ನಕಲೆಂದರೆ ಅಸಲೇ ಸರಿ ಎಂದು. ಆ ಮಾತು ನನಗೆ ಎಷ್ಟು ಪ್ರಿಯವಾಗಿತ್ತೆಂಬುದನ್ನು ಇಲ್ಲಿ ಮುಚ್ಚಿಡುವುದು ಸರಿಯಲ್ಲ.

ಆ ವರ್ಷದ ಶ್ರಾವಣದಲ್ಲಿ ಹಣಮಂತರಾಯರು ಬಂದರು. ಬಟ್ಟೆ ಅಂಗಡಿಯೊಂದರಲ್ಲಿ ಹಿರಿಯ ಕಾರಕೂನರಾಗಿ ನಿವೃತ್ತರಾದವರು, ಎಪ್ಪತ್ತೇಳು ವರ್ಷ. ವಿಮಾನ ನಗರದಲ್ಲಿ ಮಗನ ಮನೆಯಲ್ಲಿದ್ದರು. ಅಲ್ಲಿಂದ ಎರಡು ಬಸ್ಸು ಬದಲಿಸಿ, ಮಾಳಿಗೆಯ ಮರದ ಮೆಟ್ಟಿಲುಗಳನ್ನು ನಿಂತು ನಿಂತು ಹತ್ತಿ ಬಂದಿದ್ದರು. ಮೈತುಂಬ ಉಪರಣೆ ಹೊದ್ದಿದ್ದರು. ಪಾಟಣಕರರೇ ಅವರ ಹೆಸರನ್ನು ರಿಜಿಸ್ಟರಿನಲ್ಲಿ ಬರೆದುಕೊಂಡು ನನ್ನ ಮೇಜಿಗೆ ಕಳುಹಿಸಿದರು.

“ಅಕ್ಕಾರ, ನಮ್ಮವ್ವನ ತಿಥಿ ಬೇಕಾಗೇದ್ರಿ” ಎಂದರು, ಕುಳಿತುಕೊಳ್ಳುವ ಮೊದಲೇ.

ನಾನು ಅರ್ಥವಾಗದೆ ನೋಡಿದೆ. ಅವರೇ ವಿವರಿಸಿದರು. ಅವರು ಏಳು ವರ್ಷದವರಿದ್ದಾಗ ತಾಯಿ ರಂಗೂಬಾಯಿ ಕಾಯಿಲೆಯಾಗಿ ಪುಣೆಗೆ ಹತ್ತಿರದ ಸಾಸವಡದ ತವರುಮನೆಗೆ ಹೋದರು. ಕೆಲವು ತಿಂಗಳಾದ ಮೇಲೆ ಒಂದು ದಿನ ತಂದೆ ಬಾವಿಯ ಬಳಿ ನಿಂತು ತಲೆಯ ಮೇಲೆ ನೀರು ಸುರಿದುಕೊಂಡು, ಸಾಸವಡದಿಂದ ಸಾವಿನ ಕಾಗದ ಬಂದಿದೆ ಎಂದರು. ಯಾವ ತಿಥಿ ಎಂದು ಮನೆಯವರು ಕೇಳಿದಾಗ, ಕಾಗದ ತಡವಾಗಿ ಬಂತು, ತಿಥಿ ಬರೆದಿರಲಿಲ್ಲ ಎಂದರು. ತಿಥಿ ತಿಳಿಯದವರಿಗೆ ಮಹಾಲಯ ಅಮಾವಾಸ್ಯೆ ಎಂದು ಪುರೋಹಿತರು ಹೇಳಿದರು. ಅಂದಿನಿಂದ ಎಪ್ಪತ್ತು ವರ್ಷ ಹಣಮಂತರಾಯರು ತಾಯಿಗೆ ಆ ದಿನವೇ ಎಳ್ಳುನೀರು ಬಿಡುತ್ತ ಬಂದಿದ್ದರು. ತಂದೆ ಮರುವರ್ಷವೇ ಇನ್ನೊಂದು ಮದುವೆಯಾಗಿದ್ದರು.

“ಅಮಾವಾಸಿ ಅಂದ್ರ ಸಾರ್ವಜನಿಕ ನಳ ಇದ್ದಂಗ್ರಿ. ಎಲ್ಲಾರೂ ಪಾಳಿ ಹಚ್ಚಿರ್ತಾರ. ನಮ್ಮವ್ವ ಭಾಳ ಸಣ್ಣಾಕಿ, ನೂಕಿ ಮುಂದ ಬರೂವಾಕಿ ಅಲ್ಲ. ಆಕೀದೇ ಅಂತ ಒಂದ್ ದಿವಸ ಬೇಕ್ರಿ. ಒಂದ್ ಸಲ, ಖರೇ ದಿವಸಕ್ಕ, ಬಿಟ್ಟು ಹೋಗ್ತೀನಿ. ಡಾಕ್ಟರ್ ನನಗ ಭಾಳ ದಿವಸ ಕೊಟ್ಟಿಲ್ಲ.”

ಅವರ ಸೋದರಮಾವನ ಮನೆತನದ ಪತ್ರಗಳು ನಮ್ಮಲ್ಲಿಗೆ ಬಂದಿವೆಯೆಂದು ಅವರಿಗೆ ಯಾರಿಂದಲೋ ತಿಳಿದಿತ್ತು. ಅದು ನಿಜ. ಸಾಸವಡದಲ್ಲಿ ಮನೆ, ಪುಣೆಯಲ್ಲಿ ಅಂಗಡಿ ಇದ್ದ ಆ ಮಾವನಿಗೆ ಸಾಸವಡದಿಂದ ಬಂದ ಪತ್ರಗಳು ಒಂದು ಗಂಟಿನಷ್ಟಿದ್ದವು. ಹುಡುಕುತ್ತೇನೆ, ಆದರೆ ಆಸೆ ಇಟ್ಟುಕೊಳ್ಳಬೇಡಿ ಎಂದೆ. ಕಾರಣ ಅವರಿಗೂ ತಿಳಿದದ್ದೇ. ನಮ್ಮ ಜನ ಸಾವಿನ ಕಾಗದವನ್ನು ಇಟ್ಟುಕೊಳ್ಳುವುದಿಲ್ಲ. ಹೊಸಿಲ ಹೊರಗೆ ನಿಂತು ಓದಿ, ಅಲ್ಲಿಯೇ ಹರಿದು ಹಾಕಿ, ಸ್ನಾನ ಮಾಡಿ ಒಳಗೆ ಬರುತ್ತಾರೆ. ಆದ್ದರಿಂದ ಎಷ್ಟೇ ದೊಡ್ಡ ಗಂಟನ್ನು ಬಿಚ್ಚಿದರೂ ಅದರಲ್ಲಿ ಜನನ, ಮುಂಜಿ, ಮದುವೆ, ವ್ಯಾಜ್ಯ ಎಲ್ಲ ಸಿಗುತ್ತವೆ, ಮರಣವೊಂದು ಸಿಗುವುದಿಲ್ಲ. ಪತ್ರಗಳನ್ನಷ್ಟೇ ನಂಬಿದರೆ ಆ ಮನೆಗಳಲ್ಲಿ ಯಾರೂ ಸತ್ತೇ ಇಲ್ಲ.

ನಂತರ ಅವರು ವಾರಕ್ಕೊಮ್ಮೆ ಬರತೊಡಗಿದರು. “ಎಪ್ಪತ್ತೇಳನೇ ಇಯತ್ತೆ ವಿದ್ಯಾರ್ಥಿ ಬಂದಾನ್ರಿ, ಹಾಜರಿ ಹಾಕ್ರಿ” ಎನ್ನುತ್ತ ಬಾಗಿಲಲ್ಲಿ ನಿಲ್ಲುವರು. ನಾನು ಓದಿದಷ್ಟು ಪತ್ರಗಳ ಸಾರವನ್ನು ಕೇಳಿಕೊಂಡು ಹೋಗುವರು. ಭಾದ್ರಪದ ಬರುವಷ್ಟರಲ್ಲಿ ಗಂಟು ಮುಗಿಯಿತು. ರಂಗೂಬಾಯಿಯ ಹೆಸರು ಅದರಲ್ಲಿ ಎಲ್ಲಿಯೂ ಇರಲಿಲ್ಲ. ಹಾಗೆಂದು ಹೇಳಿದಾಗ ಅವರು ಮೇಜಿನ ಮೂಲೆಯಲ್ಲಿದ್ದ ಸಣ್ಣ ಕಟ್ಟನ್ನು ನೋಡಿ, “ಅದ್ ಏನ್ರಿ ಅಕ್ಕಾರ?” ಎಂದರು.

“ಇದೇ ಗಂಟಿನ ಅಪೂರ್ಣ ಪತ್ರಗಳು. ಮೊದಲ ಹಾಳೆ ಕಳೆದುಹೋದವು.”

“ಮೊದಲ್ನೇ ಹಾಳಿ ಹೋಗೇದ ಅಂತ ನಿಮಗ ಹೆಂಗ ಗೊತ್ತ್ರಿ?”

“ತಲೆಯಲ್ಲಿ ಶ್ರೀಕಾರವಿಲ್ಲವಲ್ಲ.”

ಅವರು ನನ್ನನ್ನು ಕನಿಕರದಿಂದಲೇ ನೋಡಿದರು. “ಸಾವಿನ ಕಾಗದಕ್ಕ ಶ್ರೀಕಾರ ಯಾರ್ ಹಾಕ್ತಾರ್ರಿ?”

ಈ ಪದ್ಧತಿ ನನಗೆ ತಿಳಿಯದ್ದಲ್ಲ. ಆದರೆ ಶ್ರೀಕಾರವಿಲ್ಲದ ಪತ್ರಕ್ಕೆ ಎರಡು ಅಂಕ ಕಳೆಯುತ್ತಿದ್ದ ಅಭ್ಯಾಸ ನನ್ನದು. ಅದೇ ಅಭ್ಯಾಸದಿಂದ ಆ ಹನ್ನೊಂದು ಹಾಳೆಗಳನ್ನು, ಶ್ರೀಕಾರವಿಲ್ಲವೆಂಬುದನ್ನಷ್ಟೇ ನೋಡಿ, ಓದದೆ ಬದಿಗಿಟ್ಟಿದ್ದೆ. ಇವನ್ನೂ ಓದುತ್ತೇನೆ ಎಂದಷ್ಟೇ ಹೇಳಿ ಅವರನ್ನು ಕಳುಹಿಸಿದೆ.

ಅದು ಶನಿವಾರ. ಮಧ್ಯಾಹ್ನ ಮೂರು ಗಂಟೆಗೆ ಆರನೆಯ ಹಾಳೆ ಕೈಗೆ ಬಂತು. ಹೆಂಗಸಿನ ಅಕ್ಷರ, ದೊಡ್ಡದು, ಅಭ್ಯಾಸ ತಪ್ಪಿದ್ದು. ಹಿಂದುಗಡೆ ಮಾವನ ಕೈಬರಹದಲ್ಲಿ, ಪತ್ರ ಮುಟ್ಟಿದ ದಿನ ಮತ್ತು ಈಶ್ವರ ಸಂವತ್ಸರ ಎಂದಿತ್ತು. ಲೆಕ್ಕ ಹಾಕಿದೆ. ಹಣಮಂತರಾಯರ ತಂದೆ ಬಾವಿಯ ಬಳಿ ನೀರು ಸುರಿದುಕೊಂಡು ಒಂಬತ್ತು ವರ್ಷಗಳಾದ ಮೇಲಿನ ಪತ್ರ ಅದು. ಪ್ರತಿಯನ್ನು ನೋಡಿಯೇ ಅದನ್ನು ಇಲ್ಲಿ ಕೊಡುತ್ತಿದ್ದೇನೆ:

“ಅಣ್ಣಗ ರಂಗೂ ಬೇಡಿಕೊಂಬುದು. ಇವತ್ತು ಅಮಾವಾಸಿ. ಮುಂಜಾನಿಂದ ಬಾಯಾಗ ಎಳ್ಳಿನ ರುಚಿ ಅದ. ಅನ್ನ ಇಳೀವಲ್ದು. ಹೋದ ವರ್ಷನೂ ಹೀಂಗೇ ಆಗಿತ್ತು, ಅದರ ಹಿಂದಿನ ವರ್ಷನೂ. ಹುಡುಗನ ಕೈಲೆ ನನಗ ನೀರು ಬಿಡಸ್ತಾರ ಅಂತ ಈಗ ತಿಳೀತು. ಬ್ಯಾಡ ಅಂತ ಹೇಳು. ನಾ ಇನ್ನೂ ಇದ್ದೀನಿ. ಮೈಮ್ಯಾಲಿನ ಕಲಿ ನೋಡಿ ದೂರ ಇಟ್ಟಿದ್ದಕ್ಕ ನನಗ ಸಿಟ್ಟಿಲ್ಲ. ಕಾಗದಕ್ಕ ಶ್ರೀಕಾರ ಹಾಕಿಲ್ಲ. ಸತ್ತಾಕಿ ಅಂತ ಎಲ್ಲಾರಿಗೂ ತಿಳಿಸಿದ ಮ್ಯಾಲೆ ಹೆಂಗ ಹಾಕಲಿ?”

ನಾನು ಬರೆಯುವುದನ್ನು ನಿಲ್ಲಿಸಿ ಆ ಸಾಲುಗಳನ್ನು ಮತ್ತೊಮ್ಮೆ ಓದಿದೆ. ಸಾಸವಡದಿಂದ ಸಾವಿನ ಕಾಗದ ಬಂದಿರಲೇ ಇಲ್ಲ. ಹೆಂಡತಿಯ ಮೈಮೇಲೆ ಕಲೆಗಳೆದ್ದವು. ಅದು ಮಹಾರೋಗವೆಂದು, ಕುಷ್ಠವೆಂದು ಗಂಡ ಹೆದರಿದ. ಅವಳನ್ನು ತವರಿಗೆ ಕಳುಹಿಸಿ, ಸತ್ತಳೆಂದು ಸಾರಿ, ಇನ್ನೊಂದು ಮದುವೆಯಾದ. ಕಾಗದವನ್ನು ತೋರಿಸೆಂದು ಯಾರೂ ಕೇಳಲಿಲ್ಲ, ಏಕೆಂದರೆ ಅಂಥ ಕಾಗದವನ್ನು ಹರಿಯದೆ ಇಟ್ಟುಕೊಂಡವರೇ ಇಲ್ಲ. ನಮ್ಮ ಒಂದು ಪದ್ಧತಿ ಅವನ ಸುಳ್ಳಿಗೆ ಅಷ್ಟು ಚೆನ್ನಾಗಿ ಒದಗಿ ಬಂದಿತ್ತು. ಸುಳ್ಳು ತಿಥಿಯೊಂದನ್ನು ಕಟ್ಟಿ ಹೇಳುವ ಧೈರ್ಯ ಮಾತ್ರ ಅವನಿಗೆ ಬಂದಿರಲಿಲ್ಲ.

ಪತ್ರ ಅಲ್ಲಿಗೆ ಮುಗಿದಿರಲಿಲ್ಲ. ಅದರ ಕೆಳಗೆ ಇನ್ನೂ ನಾಲ್ಕು ಸಾಲುಗಳಿದ್ದವು. ಇದನ್ನು ನಾನು ಸ್ಪಷ್ಟವಾಗಿ ಹೇಳಬೇಕು. ಅಕ್ಷರ ಸಣ್ಣದಾಗಿತ್ತು, ಶಾಯಿ ತೆಳುವಾಗಿತ್ತು. ಹಾಳೆಯನ್ನು ಟ್ಯೂಬ್‌ಲೈಟಿನತ್ತ ವಾಲಿಸಿ ಹಿಡಿದು ಓದಿದೆ. ಒಂದು ಶಬ್ದ ಮಸಕಾಗಿದ್ದುದರಿಂದ ಅದರ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ಆಗ ಪಾಟಣಕರರು ಚಹಾ ತಂದಿಟ್ಟರು. ಹಾಳೆಗೆ ತಾಗೀತೆಂದು ನಾನು ಲೋಟವನ್ನು ಕಿಟಕಿಯ ಕಟ್ಟೆಗೆ ಸರಿಸಿದೆ. ಆ ನಾಲ್ಕು ಸಾಲುಗಳು ಹೀಗಿದ್ದವು:

“ಅವನ ಬಲಗೈ ಹೆಬ್ಬೆರಳು (?) ಮಡಚವಲ್ದು.
ನೀರು ನನ್ನ ತನಕ ಬರೂದಿಲ್ಲ, ಹಾದ್ಯಾಗ ಚೆಲ್ಲತದ.
ಕಾರ್ತೀಕ ವದ್ಯ ತ್ರಯೋದಶಿ ನನ್ನ ದಿವಸ.
ಆ ದಿವಸ ಒಂದು ಸಲ ಬಿಟ್ಟರ ಸಾಕು, ಮುಟ್ಟತದ.”

ಬಾಯಿಯಲ್ಲಿ ಎಳ್ಳಿನ ರುಚಿ ತುಂಬಿದೆ ಎಂದವಳೇ ನೀರು ತಲುಪುವುದಿಲ್ಲ ಎನ್ನುವುದು ವಿಚಿತ್ರವೆನಿಸಿತು. ಬದುಕಿರುವವಳು ತನ್ನ ತಿಥಿಯನ್ನು ತಾನೇ ಹೇಳುವುದು ಇನ್ನೂ ವಿಚಿತ್ರ. ಆದರೆ ಒಂಬತ್ತು ವರ್ಷಗಳಿಂದ ತವರಿನ ಕೋಣೆಯೊಂದರಲ್ಲಿ ಒಬ್ಬಳೇ ಬಿದ್ದಿದ್ದ ಹೆಂಗಸಿನ ಮನಸ್ಸು ಹೇಗಿದ್ದೀತು? ಎಳ್ಳುನೀರು ಬಿಡುವುದು ಹೆಬ್ಬೆರಳಿನ ಬದಿಯಿಂದ; ಹುಡುಗನ ಆ ಬೆರಳಿಗೆ ಆಗ ಏನೋ ಪೆಟ್ಟಾಗಿರಬಹುದು. ಜಾತಕ ನೋಡಿದ ಯಾರೋ ಅವಳಿಗೆ ಒಂದು ದಿನವನ್ನು ಹೇಳಿರಬಹುದು. ಹೀಗೆ ಸಮಾಧಾನ ಹೇಳಿಕೊಂಡೆ. ಐದು ಗಂಟೆಗೆ ಹಾಳೆಯನ್ನು ಲಕೋಟೆಯಲ್ಲಿಟ್ಟು ಪಾಟಣಕರರ ಕಪಾಟಿನೊಳಗೆ ಸೇರಿಸಿ, ಒಂದು ಕಾಗದ ಸಿಕ್ಕಿದೆ, ಸೋಮವಾರ ಬರಬೇಕು ಎಂದು ಹಣಮಂತರಾಯರ ಮನೆಗೆ ಫೋನು ಮಾಡಿಸಿದೆ. ಅದರಲ್ಲೇನಿದೆ ಎಂದು ಹೇಳಿಸಲಿಲ್ಲ. ಭಾನುವಾರವೆಲ್ಲ, ಇದನ್ನು ಆ ವೃದ್ಧರಿಗೆ ಹೇಗೆ ಹೇಳುವುದೆಂಬ ಚಿಂತೆಯಲ್ಲಿಯೇ ಹೋಯಿತು.

ಸೋಮವಾರ ಬಾಗಿಲು ತೆರೆಯುವ ಮೊದಲೇ ಅವರು ಕೆಳಗೆ ನಿಂತಿದ್ದರು. ತಾಳೆ ನೋಡಲು ನನಗೆ ಸಮಯವೇ ಸಿಗಲಿಲ್ಲ. ಪಾಟಣಕರರು ಕಪಾಟಿನ ಬೀಗ ತೆಗೆದು ಲಕೋಟೆ ತಂದುಕೊಟ್ಟರು. ಸುದ್ದಿ ಕೆಟ್ಟದ್ದು, ನೀವು ಅಂದುಕೊಂಡಂತೆ ಅಲ್ಲ ಎಂದು ಮೊದಲೇ ಹೇಳಿದೆ. “ಎಪ್ಪತ್ತು ವರ್ಷದ ಹಿಂದಿನ ಸುದ್ದಿ ಇನ್ನ ಎಷ್ಟ್ ಕೆಡ್ತದ್ರಿ? ಓದ್ರಿ” ಎಂದರು. ತಾಯಿಯ ಅಕ್ಷರವನ್ನು ತಾವೂ ನೋಡಬೇಕೆಂದರು. ಮೂಲವನ್ನು ಅವರ ಮುಂದಿಟ್ಟು ಭೂತಕನ್ನಡಿ ಕೊಟ್ಟೆ. ಅವರು ಒಂದೊಂದೇ ಶಬ್ದವನ್ನು ಅನುಸರಿಸಲಿ ಎಂದು ನಾನು ವಹಿಯಿಂದ ನಿಧಾನವಾಗಿ ಓದತೊಡಗಿದೆ.

“ನಾ ಇನ್ನೂ ಇದ್ದೀನಿ” ಎಂಬಲ್ಲಿ ಅವರ ಉಸಿರು ಕೇಳಿಸಿತು. ನಾನು ನಿಲ್ಲಿಸಿದೆ. “ಓದ್ರಿ” ಎಂದರು. ಶ್ರೀಕಾರದ ಮಾತನ್ನು ಓದಿದೆ. ಹೆಬ್ಬೆರಳಿನ ಮಾತನ್ನು ಓದಿದೆ. ನೀರು ಹಾದಿಯಲ್ಲಿ ಚೆಲ್ಲುತ್ತದೆ ಎಂಬುದನ್ನು ಓದಿದೆ.

“ಅಕ್ಕಾರ, ಇಲ್ಲೇ ಮುಗೀತಲ್ರಿ. ನೀವು ಏನ್ ಓದ್ಲಿಕತ್ತೀರಿ?”

ತಲೆಯೆತ್ತಿದೆ. ಅವರು ಎಡಗೈಯಲ್ಲಿ ಭೂತಕನ್ನಡಿ ಹಿಡಿದಿದ್ದರು. ಹಾಳೆಯನ್ನು ಒತ್ತಿ ಹಿಡಿಯಲೆಂದು ಬಲಗೈ ಉಪರಣೆಯ ಒಳಗಿನಿಂದ ಹೊರಗೆ ಬಂದಿತ್ತು. ಇಷ್ಟು ದಿನಗಳಲ್ಲಿ ಆ ಕೈಯನ್ನು ನಾನು ನೋಡಿದ್ದು ಅದೇ ಮೊದಲು. ನಾಲ್ಕು ಬೆರಳುಗಳು ಕಾಗದದ ಮೇಲೆ ಬಾಗಿದ್ದವು. ಹೆಬ್ಬೆರಳು ಮಾತ್ರ ಕಡ್ಡಿಯಂತೆ ನೆಟ್ಟಗೆ, ಗಾಳಿಯಲ್ಲಿ ನಿಂತಿತ್ತು.

ಅವರು ನನ್ನ ದೃಷ್ಟಿಯನ್ನು ಗಮನಿಸಿದರು. “ಹೋದ ವರ್ಷ ಲಕ್ವಾ ಹೊಡೀತ್ರಿ. ಕೈ ಬಂತು, ಬಾಯಿ ಬಂತು. ಇದೊಂದು ಬೆರಳು ಬರಲಿಲ್ಲ.”

ಎದ್ದು ಹಾಳೆಯ ಮೇಲೆ ಬಗ್ಗಿ ನೋಡಿದೆ. “ಹೆಂಗ ಹಾಕಲಿ” ಎಂಬುದರ ಕೆಳಗೆ ನಾಲ್ಕು ಬೆರಳಗಲದಷ್ಟು ಕಾಗದ ಖಾಲಿಯಾಗಿತ್ತು. ಪಾಟಣಕರರು ಅದನ್ನು ಕಿಟಕಿಗೆ ಒಯ್ದು, ಓರೆಯಾಗಿ ಹಿಡಿದು, ಹಿಂದಿನಿಂದ ಬೆಳಕು ಬರುವಂತೆ ಹಿಡಿದು ನೋಡಿದರು. ಮೂವತ್ತು ವರ್ಷ ಹಳೆಯ ಕಾಗದದಲ್ಲಿಯೇ ಬದುಕಿದ ಮನುಷ್ಯ. ಕೆರೆದದ್ದು, ತೊಳೆದದ್ದು ಇದ್ದರೆ ಕಂಡುಹಿಡಿಯದೆ ಬಿಡುವವರಲ್ಲ. “ಬಾಈ, ಇಥಂ ಕಾಹೀ ನಾಹೀ” ಎಂದರು. ಇಲ್ಲಿ ಏನೂ ಇಲ್ಲ. ನನ್ನ ಮುಖ ನೋಡಿ, ವಾತಾವರಣವನ್ನು ಹಗುರ ಮಾಡಲೆಂದು ನಕ್ಕು, “ತುಮಚಂ ಪಣ ಚುಕತಂ ತರ!” ಎಂದು ಸೇರಿಸಿದರು. ನೀವೂ ತಪ್ಪುತ್ತೀರಿ ಹಾಗಾದರೆ!

ಹಣಮಂತರಾಯರು ನಗಲಿಲ್ಲ. ತಮ್ಮ ಹೆಬ್ಬೆರಳನ್ನು ನೋಡುತ್ತ, “ಮುಂದ ಏನದ್ರಿ ನಿಮ್ಮ ವಹ್ಯಾಗ? ತಿಥಿ ಅದ ಏನ್ರಿ?” ಎಂದು ಕೇಳಿದರು.

ತ್ರಯೋದಶಿಯ ಸಾಲು ನನ್ನ ಬೆರಳಿನ ಕೆಳಗೇ ಇತ್ತು. ನಾನು ವಹಿಯನ್ನು ಮುಚ್ಚಿ, “ಇಲ್ಲ” ಎಂದೆ.

“ಹಂಗಾದ್ರ ಈ ಬೆರಳಿನ ಮಾತು ಎಲ್ಲಿಂದ ಬಂತ್ರಿ?”

“ಬೇರೆ ಯಾವುದೋ ಪತ್ರದ ಸಾಲು ನನ್ನ ಅಜಾಗರೂಕತೆಯಿಂದ ಸೇರಿಕೊಂಡಿರಬೇಕು.”

ಮೂಲದಲ್ಲಿ ಇಲ್ಲದ ತಿಥಿಯನ್ನು ಕೊಡುವುದು ಅಪ್ರಾಮಾಣಿಕತೆಯಾಗುತ್ತಿತ್ತು ಎಂದು ಆಮೇಲೆ ನನ್ನನ್ನು ನಾನು ಎಷ್ಟೋ ಸಲ ಸಮರ್ಥಿಸಿಕೊಂಡಿದ್ದೇನೆ. ಆದರೆ ಆ ಕ್ಷಣದಲ್ಲಿ ನನ್ನ ಮನಸ್ಸಿನಲ್ಲಿ ಪ್ರಾಮಾಣಿಕತೆಯ ವಿಚಾರವಿರಲಿಲ್ಲ. ಪಾಟಣಕರರು ನಗುತ್ತ ನಿಂತಿದ್ದರು. ಇನ್ನೆರಡು ಸಾಲು ಓದಿದರೆ ಅವರ ಮುಂದೆ ನಾನು ಪತ್ರಗಳನ್ನು ಕಟ್ಟಿ ಬರೆಯುವವಳಾಗುತ್ತಿದ್ದೆ. ಅದನ್ನು ತಪ್ಪಿಸಿಕೊಳ್ಳಲು ಇಲ್ಲ ಎಂದೆ.

ಹಣಮಂತರಾಯರು ಹಾಳೆಯನ್ನು ತಾವೇ ಲಕೋಟೆಗೆ ಸೇರಿಸಲು ಹೋಗಿ, ಸೇರಿಸಲಾಗದೆ ನನ್ನ ಕೈಗೆ ಕೊಟ್ಟರು. “ಅವ್ವನ ಮೊಣಕೈ ಮ್ಯಾಲೆ ಬಿಳೇ ಕಲಿ ಇದ್ದವ್ರಿ. ಮಲಗಿದಾಗ ನಾ ಬೆರಳಿಲೆ ಅದರ ಸುತ್ತ ಗೆರಿ ಎಳೀತಿದ್ದೆ. ಆಕಿ ನಗೂವಾಕಿ, ಗುದಗುಲಿ ಆಗ್ತದ ಬಿಡೋ ಅಂತ” ಎಂದರು. ಎದ್ದು ನಿಂತು, “ಬದುಕಿದ್ದಾಕಿ ಬಾಯಾಗ ಒಂಬತ್ತು ವರ್ಷ ಎಳ್ಳು ತುರಕೀನಿ. ಈ ಅಮಾವಾಸಿಗೆ ನಾ ಬಿಡೂದಿಲ್ರಿ. ಆ ದಿವಸದ ಸಹವಾಸ ಸಾಕು” ಎಂದರು. ನಮಸ್ಕಾರ ಮಾಡುವಾಗ ಆ ಬೆರಳು ಉಳಿದವುಗಳಿಂದ ದೂರವೇ ನಿಂತಿತ್ತು. ಅವರು ಮತ್ತೆ ಬರಲಿಲ್ಲ.

ಆಮೇಲಿನ ವಾರಗಳಲ್ಲಿ ನಾನು ಮಾಡಬಹುದಾದ ಪರೀಕ್ಷೆಗಳನ್ನೆಲ್ಲ ಮಾಡಿದೆ. ಆ ಸಾಲುಗಳು ಬೇರೆ ಪತ್ರದಿಂದ ಬಂದಿರಬಹುದೇ ಎಂದು ಗಂಟಿನ ಪ್ರತಿ ಹಾಳೆಯನ್ನೂ, ಉಳಿದ ಕನ್ನಡ ಪತ್ರಗಳನ್ನೂ ಮತ್ತೆ ಓದಿದೆ. ಎಲ್ಲಿಯೂ ಇರಲಿಲ್ಲ. ಅವರ ಬೆರಳಿನ ವಿಷಯ ನನಗೆ ಮೊದಲೇ ಯಾರಾದರೂ ಹೇಳಿದ್ದರೇ ಎಂದು ನೆನಪಿಸಿಕೊಂಡೆ, ಪಾಟಣಕರರನ್ನೂ ಕೇಳಿದೆ. ಅವರೂ ಗಮನಿಸಿರಲಿಲ್ಲ. ಒಂದು ವೇಳೆ ಗಮನಿಸಿಯೂ ಮರೆತು, ನನ್ನ ಮನಸ್ಸೇ ಅದನ್ನು ಪತ್ರಕ್ಕೆ ಸೇರಿಸಿತೆಂದು ಇಟ್ಟುಕೊಳ್ಳೋಣ. ಹಾಗಾದರೆ ಆ ಪ್ರಶ್ನಾರ್ಥಕ ಚಿಹ್ನೆ ಏಕೆ? ತಾನೇ ಕಟ್ಟಿದ ಮಾತನ್ನು ಓದಲು ಯಾರೂ ಕಣ್ಣು ಕಿರಿದುಗೊಳಿಸುವುದಿಲ್ಲ.

ಸಾಸವಡಕ್ಕೂ ಹೋಗಿಬಂದೆ. ಮರಣಗಳ ಹಳೆಯ ದಾಖಲೆ ಪುಸ್ತಕವನ್ನು ಅಲ್ಲಿನ ಗುಮಾಸ್ತರು ಸೌಜನ್ಯದಿಂದಲೇ ತೋರಿಸಿದರು. ಈಶ್ವರ ಸಂವತ್ಸರಕ್ಕೆ ಹಿಂದಿನ, ಮುಂದಿನ ಹಲವು ವರ್ಷಗಳನ್ನು ನೋಡಿದೆ. ರಂಗೂಬಾಯಿ ಇರಲಿಲ್ಲ. ಮರಳುವ ಬಸ್ಸಿನಲ್ಲಿ ಕುಳಿತಾಗ ಹೊಳೆಯಿತು: ಸತ್ತಳೆಂದು ಮೊದಲೇ ಸಾರಿದವಳ ಸಾವನ್ನು ಎರಡನೆಯ ಸಲ ಯಾರು ಬರೆಸುತ್ತಾರೆ? ನಿಜವಾಗಿ ಸತ್ತ ದಿನ ಅವಳಿಗಾಗಿ ಯಾರೂ ಕಾಗದ ಬರೆದಿರಲಾರರು, ಯಾರೂ ಹರಿದಿರಲಾರರು. ಅವಳ ತಿಥಿ ಎನ್ನಬಹುದಾದದ್ದು ಲೋಕದಲ್ಲಿ ಎಲ್ಲಿಯಾದರೂ ಇದ್ದರೆ ನನ್ನ ವಹಿಯಲ್ಲಿಯೇ ಇತ್ತು.

ಅಷ್ಟರಲ್ಲಿ ಅಮಾವಾಸ್ಯೆ ಕಳೆದಿತ್ತು, ದಸರೆ ಕಳೆದಿತ್ತು, ದೀಪಾವಳಿಯೂ ಕಳೆದಿತ್ತು. ಕಾರ್ತಿಕ ವದ್ಯ, ಅಂದರೆ ಕೃಷ್ಣಪಕ್ಷದ, ತ್ರಯೋದಶಿಗೆ ಒಂಬತ್ತು ದಿನಗಳಿದ್ದಾಗ ನಾನು ನಿರ್ಧಾರ ಮಾಡಿದೆ. ನಂಬುವುದು, ಬಿಡುವುದು ಅವರಿಗೆ ಸೇರಿದ್ದು. ಆ ನಾಲ್ಕು ಸಾಲುಗಳನ್ನು ಅವರ ಮುಂದಿಡುವುದು ನನಗೆ ಸೇರಿದ್ದು. ಪಾಟಣಕರರ ಅನುಮತಿ ಪಡೆದು ವಹಿಯನ್ನು ಚೀಲದಲ್ಲಿಟ್ಟುಕೊಂಡು ವಿಮಾನ ನಗರಕ್ಕೆ ಹೋದೆ.

ಬಾಗಿಲು ತೆರೆದವನು ಮಗ ಪ್ರಹ್ಲಾದ. ರಾಂಜಣಗಾಂವದ ಕಾರ್ಖಾನೆಯೊಂದರಲ್ಲಿ ಕೆಲಸ. ಬೋಳಿಸಿದ ತಲೆಯಲ್ಲಿ ಕೂದಲು ಆಗ ತಾನೇ ಬೆಳೆಯುತ್ತಿತ್ತು. ದಫ್ತರಖಾನೆಯಿಂದ ಬಂದವಳೆಂದಷ್ಟೇ ಹೇಳಿದೆ, ಮುಂದೆ ಏನೂ ಕೇಳಬೇಕಾಗಿರಲಿಲ್ಲ.

“ದಸರಾ ಮುಗದ ವಾರ ಹೋದ್ರು. ನಿಮಗ ತಿಳಿಸಬೇಕಿತ್ತು, ನಂಬರ್ ಸಿಗಲಿಲ್ರಿ ಅಕ್ಕಾರ. ಬರ್ರಿ, ಕೂಡ್ರಿ.”

ಕುಳಿತೆ. ಮನೆಯ ಮೇಲೆ ವಿಮಾನವೊಂದು ಇಳಿಯುತ್ತಿತ್ತು. ಅದರ ಸದ್ದು ಅಡಗಿದ ಮೇಲೆ ಅವನೇ ಹೇಳಿದ. ಅಮಾವಾಸ್ಯೆಯ ದಿನ ಎಲ್ಲ ಸಿದ್ಧ ಮಾಡಿ, ಭಟ್ಟರನ್ನೂ ಕರೆಸಿದ್ದರಂತೆ. ತಂದೆ ಮಣೆಯ ಮೇಲೆ ಕುಳಿತವರು ನೀರು ಮುಟ್ಟಲಿಲ್ಲವಂತೆ. “‘ಇವತ್ತು ಬಿಟ್ರ ಆಕಿಗೆ ತ್ರಾಸ ಆಗ್ತದ’ ಅಂದ್ರು. ಭಟ್ರಿಗೆ ಸಿಟ್ಟು ಬಂತ್ರಿ. ‘ಹಂಗಾದ್ರ ಯಾವತ್ತು ಬಿಡ್ತೀರಿ?’ ಅಂದ್ರ, ‘ಅಕ್ಕಾರು ಹೇಳಿದ ದಿವಸ’ ಅಂದ್ರು. ದವಾಖಾನ್ಯಾಗೂ ಅದೇ ಮಾತು. ‘ಅಕ್ಕಾರ ಫೋನ್ ಬಂತೇನೋ?’”

ನಾನು ವಹಿಯನ್ನು ತೆಗೆದು ಅವನ ಮುಂದಿಟ್ಟೆ. ನಡೆದದ್ದನ್ನೆಲ್ಲ, ಇಲ್ಲಿ ಬರೆದ ಕ್ರಮದಲ್ಲಿಯೇ, ಬಿಡದೆ ಹೇಳಿದೆ. ಅವನು ನಾಲ್ಕು ಸಾಲುಗಳನ್ನು ಎರಡು ಸಲ ಓದಿದ.

“ಅಪ್ಪ ಕೇಳ್ದಾಗ ನೀವು ಇಲ್ಲ ಅಂದ್ರಂತಲ್ರಿ?”

“ಹೌದು. ಇಲ್ಲ ಎಂದೆ.”

“ಅವರು ಅಂತಿದ್ರು, ‘ಅಕ್ಕಾರ ಬಾಯಾಗ ಅವ್ವ ಬಂದಿದ್ಲು, ಮುಂದ ಅವರೇ ಬಾಯಿ ಮುಚ್ಚಿದ್ರು’ ಅಂತ. ತಲಿ ಕೆಟ್ಟಿದ್ದಕ್ಕ ಹಂಗ ಅಂತಾರ ಅಂತ ನಾವು ಬಿಟ್ವಿ.”

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಇದ್ದಿದ್ದರೆ ನನಗೆ ಒಳ್ಳೆಯದಾಗುತ್ತಿತ್ತು. ಒಳಗಿನಿಂದ ಅವನ ಹೆಂಡತಿ ಚಹಾ ತಂದಿಟ್ಟಳು. ಪ್ರಹ್ಲಾದ ವಹಿಯ ಮೇಲೆ ಕೈಯಿಟ್ಟು ನಿಧಾನವಾಗಿ ಕೇಳಿದ.

“ನಾ ಓದಿದ್ದು ಮಶೀನಿಂದ್ರಿ, ನನಗ ಇದೆಲ್ಲ ತಿಳೀದು. ಅಪ್ಪನ ವರ್ಷ ಮುಗೀಲಿ, ಮುಂದಿನ ಕಾರ್ತೀಕಕ್ಕ ಆ ದಿವಸ ನಾನೇ ಬಿಡ್ತೀನಿ. ಒಂದೇ ಮಾತು ಹೇಳ್ರಿ. ಆಕಿಗೆ ಒಮ್ಮೆ ತಪ್ಪು ದಿವಸ ಬಿಟ್ಟು ತ್ರಾಸ ಕೊಟ್ಟೇವಿ, ಇನ್ನೊಮ್ಮೆ ಕೊಡೂದು ಬ್ಯಾಡ. ಈ ಸಾಲು ಆಕಿ ಬರದದ್ದೋ, ನೀವು ಬರದದ್ದೋ?”

ತರಗತಿಯಲ್ಲಿ ಯಾವ ಪ್ರಶ್ನೆಗೂ ಹೌದು ಅಥವಾ ಇಲ್ಲ ಎಂದು ಉತ್ತರಿಸದೆ ಬಿಟ್ಟವಳಲ್ಲ ನಾನು. ಆಕೆಯೇ ಬರೆದದ್ದು ಎಂದರೆ, ಖಾಲಿ ಹಾಳೆ ಪಾಟಣಕರರ ಕಪಾಟಿನಲ್ಲಿದೆ. ನಾನು ಬರೆದದ್ದು ಎಂದರೆ, ಆ ಸಣ್ಣ ಅಕ್ಷರಗಳನ್ನು ಬೆಳಕಿಗೆ ಹಿಡಿದು ಓದಿದ ಕಣ್ಣು ನನ್ನದೇ. ಇನ್ನೊಂದು ವಿಮಾನ ಬಂದು ಹೋಯಿತು. “ನನಗೆ ಗೊತ್ತಿಲ್ಲ” ಎಂದೆ. ಅವನು ವಹಿಯನ್ನು ಮುಚ್ಚಿ ನನ್ನ ಕಡೆಗೆ ಸರಿಸಿದ. “ಚಾ ಆರ್ತದ, ತೊಗೋರಿ” ಎಂದ.

ಇದೆಲ್ಲ ಆಗಿ ಎಂಟು ವರ್ಷಗಳಾದವು. ಮೂಲವೂ ಪ್ರತಿಯೂ ಈಗಲೂ ಅದೇ ವಾಡೆಯಲ್ಲಿವೆ, ಬೇಕಾದವರು ನೋಡಬಹುದು. ನೋಡಿದ ಒಬ್ಬಿಬ್ಬರು ತಮಗೆ ತೋಚಿದ ಕಾರಣಗಳನ್ನು ಹೇಳಿದ್ದಾರೆ. ಅವೆಲ್ಲವನ್ನೂ ನಾನು ಅವರಿಗಿಂತ ಮೊದಲೇ ಯೋಚಿಸಿ ಕೈಬಿಟ್ಟಿದ್ದೆ. ನನ್ನ ಅವಿಶ್ವಾಸ ಹೋಗಿದೆಯೇ ಎಂದರೆ ಅದೂ ಹೋಗಿಲ್ಲ. ಅದರ ಜಾಗದಲ್ಲಿ ಇಡಲು ಬೇರೇನೂ ನನಗೆ ಸಿಕ್ಕಿಲ್ಲ.

ಪ್ರತಿ ಕಾರ್ತಿಕದಲ್ಲಿ, ದೀಪಾವಳಿ ಮುಗಿದ ಮೇಲೆ, ಪ್ರಹ್ಲಾದ ಫೋನು ಮಾಡುತ್ತಾನೆ. ನನ್ನ ಆರೋಗ್ಯ ವಿಚಾರಿಸುತ್ತಾನೆ, ಮಕ್ಕಳ ಓದಿನ ಮಾತಾಡುತ್ತಾನೆ. ಕೊನೆಯಲ್ಲಿ, “ಮತ್ತೇನರೆ ಸಿಕ್ತೇನ್ರಿ ಅಕ್ಕಾರ?” ಎನ್ನುತ್ತಾನೆ. ಇನ್ನೂ ಹುಡುಕುತ್ತಿದ್ದೇನೆ ಎನ್ನುತ್ತೇನೆ. ಹುಡುಕಲು ಯಾವ ಕಾಗದವೂ ಉಳಿದಿಲ್ಲವೆಂಬುದು ಇಬ್ಬರಿಗೂ ಗೊತ್ತಿದೆ. “ಆತ್ರಿ, ಹಂಗಾದ್ರ ಈ ವರ್ಷನೂ ನೀರು ಬಿಡೂದು ಬ್ಯಾಡ” ಎಂದು ಅವನು ಫೋನು ಇಡುತ್ತಾನೆ.